ಎರಡು ಅರ್ಧಚಂದ್ರ

ಕೂತ್ಕೊಳ್ಳಪ್ಪ. ಆ ಕುರ್ಚಿಗೆ ಒಂದು ಕಾಲು ಗಿಡ್ಡ,
ಗೋಡೆಗೊರಗಿಸಿ ಕೂತರೆ ಬೀಳುವುದಿಲ್ಲ.
ಮೊಲೊ ಪೇಟೆಯಿಂದ ಈ ಬಿಸಿಲಲ್ಲಿ ನಡೆದೇ ಬಂದೆಯಾ?
ಮೊನ್ನೆ ಪಾದ್ರಿಯವರೂ ಬಂದಿದ್ದರು, ಕುದುರೆಗಾಡಿಯಲ್ಲಿ,
ಇದೇ ಕಾಗದದ ಇನ್ನೊಂದು ಫೋಟೋ ಹಿಡಿದು.

ಮೂವತ್ತೊಂದು ವರ್ಷ ಯಾರ ಕಣ್ಣಿಗೂ ಬೀಳದ್ದು
ಬಿಷಪ್ಪರ ಕಪಾಟಿನಲ್ಲಿ ಈಗ ಸಿಕ್ಕಿತಂತೆ.
ಓದು ಎಂದರು. ಓದಿದೆ.
‘ಬರೆದದ್ದನ್ನೆಲ್ಲ ಹಿಂದೆ ತೆಗೆದುಕೊಂಡಿದ್ದೇನೆ,
ಪವಿತ್ರಸಭೆ ತಾಯಿಯ ಮಡಿಲಿಗೆ ಮರಳಿದ್ದೇನೆ,
ಎಸ್ಕೊಲಾಸ್ತಿಕಾಳನ್ನು ಧರ್ಮದಂತೆ ವರಿಸುತ್ತೇನೆ.’
ಕೆಳಗೆ ಕ್ರಿಸಾಂತೊ ಬಾಲ್ಮೊರೆಸ್,
ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನಂಥ ರುಜು.

ಹೌದು ಅನ್ನು ಎನ್ನುತ್ತಾರೆ ಪಾದ್ರಿ.
ಆಗ ನಾನು ವಿಧವೆ, ಅವನು ಹೆದರಿದವನು.
ಇಲ್ಲ ಅನ್ನು ಎನ್ನುತ್ತದೆ ನಿಮ್ಮ ಸಂಘ.
ಆಗ ಚೌಕದಲ್ಲಿ ಅವನ ಕಲ್ಲುಬೊಂಬೆ ನೆಟ್ಟಗೆ ನಿಲ್ಲುತ್ತದೆ,
ಮತ್ತೆ ನಾನು,
ಬಾವಿಕಟ್ಟೆಯಲ್ಲಿ ಬೆನ್ನ ಹಿಂದಿನಿಂದ ಏನೆಂದು ಕರೆದರೋ ಅದು.
ನಿನ್ನಮ್ಮನೂ ಕರೆದಿದ್ದಾಳೆ. ಇರಲಿ ಬಿಡು,
ನೀರು ಕುಡಿ.

ಬೆಳಗಿನ ಜಾವ ಕೋಟೆಯೊಳಗೆ ಹತ್ತು ನಿಮಿಷ ಕೊಟ್ಟರು.
ಮೊಣಕೈಗಳನ್ನು ಬೆನ್ನಿಗೆ ಬಿಗಿದಿದ್ದರು.
ಪಾದ್ರಿ ಲ್ಯಾಟಿನಿನಲ್ಲಿ ಏನೋ ಅಂದರು,
ಮದುವೆಯದ್ದೋ ಸಾವಿನದ್ದೋ, ರಾಗ ಒಂದೇ.
ಮೇಣದಬತ್ತಿ ಹಿಡಿದ ಸಿಪಾಯಿ ಹುಡುಗ ಆಕಳಿಸುತ್ತಿದ್ದ,
ಮೇಣ ನನ್ನ ಹೆಬ್ಬೆರಳಿಗೆ ತೊಟ್ಟಿಕ್ಕಿತು.
ಉಂಗುರ ತೊಡಿಸಿದನೇ ಎಂದು ಎಲ್ಲರೂ ಕೇಳುತ್ತಾರೆ.
ಹೇಳಿದೆನಲ್ಲ, ಅವನ ಕೈ ಹಿಂದಿತ್ತು.
ಅವನು ಕೇಳಿದ್ದು ಇಷ್ಟು: ಮಗ್ಗದಲ್ಲಿದ್ದದ್ದು ಮುಗಿಯಿತಾ?
ಇನ್ನೂ ಒಂದು ಮೊಳ ಬಾಕಿ ಎಂದೆ.
‘ಗಾಳಿ ಏಳುವ ಮುಂಚೆ ಮುಗಿಸು,
ಅನಾನಸಿನ ನೂಲು ಉಸಿರಿಗೂ ಹರಿಯುತ್ತದೆ.’
ಬರೆದುಕೊಂಡೆಯಾ? ನೂಲು ಎಂದೇ ಬರೆದುಕೋ.
ಬೇರೆ ಅರ್ಥ ಹಚ್ಚಬೇಡ.

ಹೋದ.
ಇನ್ನು ಹೇಳಬಹುದು, ಮಗ್ಗಕ್ಕೆ.

ಅಕ್ಷರ ಕಲಿಸಿದವನು ಅವನೇ, ಹೊಳೆಯ ಮರಳಿನ ಮೇಲೆ.
ನನ್ನ ಹೆಸರಿನಲ್ಲಿ ‘ಕ’ ಎರಡು ಸಲ ಬರುತ್ತದೆ.
ಸ್ಪೇನಿನ ದೊರೆಗಳು ಅದಕ್ಕೆ ಅರ್ಧಚಂದ್ರ ಗೀಚುತ್ತಿದ್ದರು.
ಅದು ಬೇಡ ಎಂದ, ಬಾಯಿ ತೆರೆದು ಕಾಯುವ ಅಕ್ಷರ ಅದು.
ಇದನ್ನು ಬರೆ: ನೆಟ್ಟಗೆ ನಿಂತು
ಒಂದು ಕೈ ಎತ್ತಿ ಒಂದು ಕಾಲು ಮುಂದಿಟ್ಟವನನ್ನು.
ಏಳು ವರ್ಷ, ನಲವತ್ತಮೂರು ಪತ್ರ,
ಜ್ವರದಲ್ಲಿ ಬರೆದದ್ದರಲ್ಲೂ ಆ ಮನುಷ್ಯ ನಿಂತೇ ಇದ್ದ.

ಈ ಕಾಗದದಲ್ಲಿ ಎರಡು ಅರ್ಧಚಂದ್ರ.

ಅಂದಿದ್ದರೆ ಹುಡುಗ ಹಾರಿ ಬೀಳುತ್ತಿದ್ದ:
ಸುಳ್ಳು ಕಾಗದ! ಸಾಕ್ಷಿ ಸಿಕ್ಕಿತು!
ನಾಳೆ ಪತ್ರಿಕೆಯ ಮೊದಲ ಪುಟದಲ್ಲಿ ನನ್ನ ಮುಖ.
ಬಿದಿರ ಕೊಳವೆಯಲ್ಲಿ ಪತ್ರಗಳಿವೆ,
ಗೆದ್ದಲು ಇನ್ನೂ ಮುಟ್ಟಿಲ್ಲ.

ಆದರೆ ರಾತ್ರಿ ಹೀಗೂ ಅನ್ನಿಸುತ್ತದೆ.
ಬೇರೆ ಅಕ್ಷರದಲ್ಲಿ ಬರೆದ ಹೆಸರನ್ನು
ಇಗರ್ಜಿಯ ದಫ್ತರ ಹೆಸರೆಂದೇ ಒಪ್ಪುವುದಿಲ್ಲ,
ಅದು ಅವನಿಗೆ ಗೊತ್ತಿತ್ತು.
ರಾಜನಿಗೆ ಬಗ್ಗದವನು, ಗುಂಡಿಗೆ ಕಣ್ಣು ಕಟ್ಟಿಸಿಕೊಳ್ಳದವನು,
ನಾನು ಬಾವಿಗೆ ತಲೆಯೆತ್ತಿ ಹೋಗಲಿ ಎಂದು
ಎರಡೇ ಎರಡು ಅಕ್ಷರದಷ್ಟು ಬಗ್ಗಿದನೇ?
ಹಾಗಿದ್ದರೆ ಅದು ಸೋಲೋ, ಸೀರುಡಿಗೆಯೋ?
ಅಥವಾ ಯಾರೋ ಗುಮಾಸ್ತ,
ನನ್ನ ಹೆಸರನ್ನು ಸರಿಯಾಗಿ ಕಲಿತವನು,
ಅಷ್ಟೇ?

ಹುಡುಗ ಬಿಟ್ಟುಹೋದ ಫೋಟೋ, ಪಾದ್ರಿ ಬಿಟ್ಟುಹೋದ ಫೋಟೋ
ಎರಡನ್ನೂ ನಾಲ್ಕು ಮಡಿಕೆ ಮಾಡಿ
ಕುರ್ಚಿಯ ಗಿಡ್ಡ ಕಾಲಿಗೆ ಕೊಟ್ಟೆ.
ಕೂತು ನೋಡಿದೆ.
ಇನ್ನೂ ಅಲ್ಲಾಡುತ್ತದೆ.